ಹುಚ್ಚ ಅರಬನ ಪುಸ್ತಕ ಮತ್ತು ನಮ್ಮ ನಡುಮನೆಯ ಇಸ್ಪೀಟು

ಕಳೆದ ಮಳೆಗಾಲದ ಒಂದು ರಾತ್ರಿ, ಇಶಾ ನಮಾಝ್ ಮುಗಿದ ಮೇಲೆ, ನಡುಮನೆಯಲ್ಲಿ ಚಾಪೆ ಹಾಸಿ ನಾವು ನಾಲ್ವರು ಇಸ್ಪೀಟ್ ಎಲೆಗಳ ಮುಂದೆ ಕುಳಿತೆವು. ಹೀಗೆಂದ ಕೂಡಲೇ ಕೆಲವರಾದರೂ ಹುಬ್ಬೇರಿಸುತ್ತಾರೆ ಎಂಬುದು ನಮಗೆ ಗೊತ್ತು. ನಮ್ಮ ಮನೆಯಲ್ಲೂ ಮೊದಲು ಹುಬ್ಬೇರಿಸಿದ್ದು ಅಮ್ಮಿಯೇ. ತಸ್ಬೀಹ್ ಹಿಡಿದು ಮಂಚದ ಮೇಲೆ ಕುಳಿತಿದ್ದ ಅವರು ಕನ್ನಡಕ ಸರಿಪಡಿಸಿಕೊಂಡು ಕೇಳಿದರು:

"ಏನದು, ಪತ್ತೆ ಆಡ್ತಿದ್ದೀರಾ? ದುಡ್ಡಿಟ್ಟಿದ್ದೀರಾ?"

"ಇಲ್ಲ ನಾನಿ, ದುಡ್ಡಿಲ್ಲ" ಎಂದ ಅಕ್ಕನ ಮಗ. ಆಟದ ಪೆಟ್ಟಿಗೆಯನ್ನು ಮನೆಗೆ ತಂದವನು ಅವನೇ.

"ಹಾಗಾದ್ರೆ ಗೆಲ್ಲೋದು ಯಾರು?"

"ಗೆದ್ರೆ ಎಲ್ಲರೂ ಗೆಲ್ತೀವಿ. ಸೋತ್ರೆ ಎಲ್ಲರೂ ಸೋಲ್ತೀವಿ."

"ಮತ್ತೆ ಎದುರಾಳಿ?"

"ಈ ಎಲೆಗಳೇ ಎದುರಾಳಿ, ನಾನಿ."

ಅಮ್ಮಿಗೆ ನಂಬಿಕೆ ಬರಲಿಲ್ಲ. ಆದರೂ ಜೂಜಲ್ಲವೆಂದು ಖಾತ್ರಿಯಾದ ಮೇಲೆ ತಸ್ಬೀಹ್‌ನ ಮಣಿ ಮುಂದಕ್ಕೆ ಸರಿಯಿತು. ಹೀಗೆ ಆರಂಭವಾದ ಆಟ ಮೂರು ವಾರ ನಡೆಯಿತು. ಹೊತ್ತು ಕಳೆಯಲೆಂದು ಕುಳಿತವರು ಕೊನೆಗೆ ಕೈರೋ, ಬಸ್ರಾ, ಬ್ರೂಕ್ಲಿನ್, ಸಿಂಜಾರ್‌ಗಳವರೆಗೆ ಅಲೆದು ಬರಬೇಕಾಯಿತು. ಆ ಅಲೆದಾಟದ ಕಥೆಯೇ ಈ ಬರಹ.

ಎಲೆಗಳು ಬಂದ ದಾರಿ

ಇಸ್ಪೀಟು ಯುರೋಪಿನಿಂದ ನಮಗೆ ಬಂದ ಚಟವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಚರಿತ್ರೆ ಹೇಳುವುದು ಬೇರೆಯೇ. ಕಾಗದದ ಎಲೆಗಳಲ್ಲಿ ಆಡುವ ಆಟ ಮೊದಲು ಚೀನಾದಲ್ಲಿ ಹುಟ್ಟಿತೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಆದರೆ ಯುರೋಪಿನ ಕೈಗೆ ಅದನ್ನು ದಾಟಿಸಿದವರು ಈಜಿಪ್ತಿನ ಮಮ್ಲೂಕರು. ಎಲ್.ಎ. ಮೇಯರ್ ಎಂಬ ವಿದ್ವಾಂಸ 1931ರಲ್ಲಿ ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿ ಮಮ್ಲೂಕರ ಕಾಲದ ಒಂದು ಕಟ್ಟನ್ನು ಕಂಡ. ಮೂಲದಲ್ಲಿ ಅದು 52 ಎಲೆಗಳ ಕಟ್ಟು. ಬಟ್ಟಲು, ನಾಣ್ಯ, ಖಡ್ಗ, ಪೋಲೋ ದಾಂಡು ಎಂದು ನಾಲ್ಕು ಬಣ್ಣ. ಪ್ರತಿ ಬಣ್ಣದಲ್ಲೂ ಒಬ್ಬ ಮಲಿಕ್, ಅವನ ಕೆಳಗೆ ಒಬ್ಬ ನಾಯಿಬ್, ಅವನ ಕೆಳಗೆ ಎರಡನೆಯ ನಾಯಿಬ್. ಈ ರಾಜ ಮಂತ್ರಿಗಳಿಗೆ ಮುಖವಿಲ್ಲ. ಚಿನ್ನ ನೀಲಿಗಳ ಬಳ್ಳಿಯ ನಡುವೆ ಸುಂದರ ಅಕ್ಷರದಲ್ಲಿ ಅವರ ಪದವಿಯಷ್ಟೇ ಇದೆ.

14ನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಎಲೆಗಳು ಇಟಲಿ, ಸ್ಪೇನ್‌ಗಳನ್ನು ಮುಟ್ಟಿದವು. ಫ್ಲಾರೆನ್ಸ್ ನಗರ 1377ರಲ್ಲೇ ಈ ಹೊಸ ಆಟಕ್ಕೆ ಕಡಿವಾಣ ಹಾಕಿತು. ಇಟಲಿಯವರು ಅದನ್ನು 'ನಾಯಿಬಿ' ಎಂದರು, ಸ್ಪೇನಿನವರು ಇವತ್ತಿಗೂ 'ನಾಯ್ಪೆಸ್' ಎನ್ನುತ್ತಾರೆ. ನಮ್ಮ ಊರಿನಲ್ಲಿ ನಾಯಿಬ್ ತಹಸೀಲ್ದಾರ ಎನ್ನುವಾಗ ಬರುವ ಅದೇ ನಾಯಿಬ್!

ಇನ್ನೊಂದು ದಾರಿ ಪರ್ಷಿಯಾದಿಂದ ಹಿಂದೂಸ್ತಾನಕ್ಕೆ ಬಂತು. ಬಾಬರ್ 1527ರಲ್ಲಿ ಸಿಂಧ್‌ನ ಶಾ ಹಸನನಿಗೆ ಗಂಜೀಫಾ ಕಳುಹಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅಕ್ಬರನ ಆಸ್ಥಾನದ ಗಂಜೀಫಾವನ್ನು ಅಬುಲ್ ಫಝಲ್ ವರ್ಣಿಸಿದ್ದಾನೆ. ಅದೇ ಗಂಜೀಫಾ ದಶಾವತಾರದ ಚಿತ್ರ ಹೊತ್ತು ದಕ್ಷಿಣಕ್ಕೂ ಇಳಿಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಲವು ಬಗೆಯ ಹೊಸ ಎಲೆಯಾಟಗಳನ್ನೇ ರೂಪಿಸಿ 'ಶ್ರೀತತ್ತ್ವನಿಧಿ'ಯಲ್ಲಿ ಅವುಗಳಿಗೆ ಜಾಗ ಕೊಟ್ಟರು. ಅರಬಿ ಮಲಿಕ್ ಕೂತ ಜಾಗದಲ್ಲಿ ರಾಮ ಕೂತ, ಕೃಷ್ಣ ಕೂತ. ಆ ಕಾಲದಲ್ಲಿ ಯಾರ ಧರ್ಮಕ್ಕೂ ಇದರಿಂದ ಮುಕ್ಕಾದಂತೆ ಕಾಣುವುದಿಲ್ಲ.

ಮೂರು ರಾತ್ರಿಗಳ ಆಟ

ನಮ್ಮ ಚಾಪೆಯ ಮೇಲಿದ್ದ ಆಟದ ಹೆಸರು 'ಆರ್ಕಮ್ ಹಾರರ್: ದಿ ಕಾರ್ಡ್ ಗೇಮ್'. ಅಮೆರಿಕದ ಫ್ಯಾಂಟಸಿ ಫ್ಲೈಟ್ ಗೇಮ್ಸ್ ಸಂಸ್ಥೆ 2016ರಲ್ಲಿ ಹೊರತಂದದ್ದು. ರೂಪಿಸಿದವರು ನೇಟ್ ಫ್ರೆಂಚ್ ಮತ್ತು ಎಂ.ಜೆ. ನ್ಯೂಮನ್. ನಾವು ಆಡಿದ್ದು ನಾಲ್ವರು ಆಡಬಹುದಾದ 2021ರ ಪರಿಷ್ಕೃತ ಆವೃತ್ತಿ. ಎಲ್ಲರೂ ಒಂದೇ ಪಕ್ಷವಾಗಿ ಆಟದ ವಿರುದ್ಧವೇ ಆಡುವ ಈ ಪದ್ಧತಿ ಹೊಸದೇನಲ್ಲ. 1981ರಲ್ಲಿ ಬಂದ 'ಕಾಲ್ ಆಫ್ ಕ್ತುಲು' ಎಂಬ ಪಾತ್ರಾಭಿನಯದ ಆಟದಲ್ಲಿ ದೇಹಬಲದಂತೆ ಮನೋಬಲಕ್ಕೂ ಅಂಕವಿತ್ತು. 1987ರಲ್ಲಿ ರಿಚರ್ಡ್ ಲೌನಿಯಸ್ 'ಆರ್ಕಮ್ ಹಾರರ್' ಎಂಬ ಹಲಗೆಯಾಟ ಮಾಡಿದ. 2008ರಲ್ಲಿ ಮ್ಯಾಟ್ ಲೀಕಾಕ್‌ನ 'ಪ್ಯಾಂಡೆಮಿಕ್' ಬಂದ ಮೇಲೆ ಕೂಡಿ ಆಡುವ ಆಟಗಳು ಮನೆಮನೆಗೂ ಹಬ್ಬಿದವು.

ಆಟದ ಕಾಲ 1920ರ ದಶಕ. ಸ್ಥಳ ಆರ್ಕಮ್ ಎಂಬ ಕಲ್ಪಿತ ಅಮೆರಿಕನ್ ಪಟ್ಟಣ. ಆಟಗಾರರು ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿಯಬೇಕು: ಫೆಡರಲ್ ಏಜೆಂಟ್, ಜೈಲಿನಿಂದ ಬಿಡುಗಡೆಯಾದವನು, ಹೋಟೆಲಿನಲ್ಲಿ ಬಡಿಸುವ ಹೆಂಗಸು, ಬೀದಿಯ ಅನಾಥ ಹುಡುಗಿ, ಲೈಬ್ರೇರಿಯನ್. ಪ್ರತಿ ಸುತ್ತಿನಲ್ಲೂ ಒಬ್ಬೊಬ್ಬರಿಗೆ ಮೂರು ಕೆಲಸ ಮಾಡಲು ಅವಕಾಶ. ನಡೆಯಬಹುದು, ಸುಳಿವು ಹುಡುಕಬಹುದು, ಹೊಡೆದಾಡಬಹುದು, ತಪ್ಪಿಸಿಕೊಳ್ಳಬಹುದು. ಎದುರು ಬದಿಯಲ್ಲಿ ವಿನಾಶದ ಬಿಲ್ಲೆಗಳು ಸುತ್ತಿಗೊಂದರಂತೆ ಏರುತ್ತಲೇ ಇರುತ್ತವೆ. ದಾಳದ ಬದಲು ಒಂದು ಚೀಲ. ಸಾಧಾರಣ ಕಷ್ಟದ ಮಟ್ಟದಲ್ಲಿ ಅದರೊಳಗೆ 16 ಬಿಲ್ಲೆ. ಒಂದೆರಡು ಮಾತ್ರ ನಮ್ಮ ಬಲವನ್ನು ಹೆಚ್ಚಿಸುತ್ತವೆ, ಹೆಚ್ಚಿನವು ತಗ್ಗಿಸುತ್ತವೆ, ಇನ್ನೊಂದು ಬಂದರೆ ನಾವು ಎಷ್ಟೇ ಬಲಶಾಲಿಯಾಗಿದ್ದರೂ ಸೋಲೇ. ಕೈ ಒಳಗೆ ಹಾಕುವಾಗ ನಮ್ಮ ಮಗ ಪ್ರತಿಸಲವೂ ಬಿಸ್ಮಿಲ್ಲಾ ಹೇಳುತ್ತಿದ್ದ.

ಇನ್ನೊಂದು ವಿಶೇಷವೆಂದರೆ ಒಂದು ರಾತ್ರಿಗೆ ಇದು ಮುಗಿಯುವುದಿಲ್ಲ. ಪೆಟ್ಟಿಗೆಯಲ್ಲಿರುವ ಮೊದಲ ಸರಣಿಯಲ್ಲಿ ಮೂರು ಕಥೆಗಳಿವೆ. ಮೊದಲ ಕಥೆಯಲ್ಲಿ ಮಾಡಿದ ತಪ್ಪು ಮೂರನೆಯದರಲ್ಲಿ ಕಾಯುತ್ತಿರುತ್ತದೆ. ಆದ ಗಾಯ, ಹೆದರಿಕೆಯ ಕಲೆ, ಪಡೆದ ಅನುಭವ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಡಬೇಕು. ಮನುಷ್ಯನ ಎರಡು ಹೆಗಲ ಮೇಲೆ ಕುಳಿತು ಲೆಕ್ಕ ಬರೆಯುವ ಮಲಕ್‌ಗಳ ನೆನಪು ನಮಗಾಯಿತು.

ಲೈಬ್ರೇರಿಯನ್ ಡೈಸಿ ವಾಕರ್ ನಮ್ಮ ಪಾಲಿಗೆ ಬಂದಳು. ಪುಸ್ತಕವೇ ಆಕೆಯ ಆಯುಧ. ಆದರೆ ಇಲ್ಲಿ ಪ್ರತಿ ಪಾತ್ರಕ್ಕೂ ಒಂದು ದೌರ್ಬಲ್ಯವನ್ನು ಅದರ ಎಲೆಗಳ ನಡುವೆಯೇ ಕಲೆಸಿಟ್ಟಿರುತ್ತಾರೆ. ಡೈಸಿಯ ದೌರ್ಬಲ್ಯವೂ ಒಂದು ಪುಸ್ತಕವೇ: 'ನೆಕ್ರೊನಾಮಿಕಾನ್'. ಅದು ಕೈಗೆ ಬಂತೆಂದರೆ ಬಿಡುವುದಿಲ್ಲ. ಅದರ ಮೇಲಿರುವ ಮೂರು ಭಯದ ಬಿಲ್ಲೆಗಳನ್ನು ಒಂದೊಂದಾಗಿ ತನ್ನ ಮೇಲೆ ಎಳೆದುಕೊಂಡ ಮೇಲಷ್ಟೇ ಅದರಿಂದ ಬಿಡುಗಡೆ.

ಎರಡನೆಯ ಸುತ್ತಿನಲ್ಲೇ ಆ ಎಲೆ ಬಂತು. "ಯಾರು ಬರೆದದ್ದು ಇದನ್ನ?" ಎಂದು ಮಗ ಕೇಳಿದ. ಅಕ್ಕನ ಮಗ ಆಟದ ಪಂಡಿತ. ಥಟ್ಟನೆ ಹೇಳಿದ: "ಹುಚ್ಚ ಅರಬ. ಅಬ್ದುಲ್ ಅಲ್‌ಹಜ್ರೆಡ್."

ಒಂಬತ್ತನೆಯ ತರಗತಿಯ ನಮ್ಮ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಹುಚ್ಚ ಅನ್ನೋಕೆ ಅವರಿಗೆ ಅಬ್ದುಲ್ಲೇ ಸಿಕ್ಕಿದ್ನಾ, ಅಬ್ಬಾ?"

ಈ ಪ್ರಶ್ನೆ ಆಟದ ಎಲೆಯಿಂದ ಮಾತ್ರ ಬಂದದ್ದಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಈಚಿನ ವರ್ಷಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರುವ ಕುಹಕಗಳಲ್ಲಿ 'ಅಬ್ದುಲ್' ಎಂಬುದು ಒಬ್ಬ ಮನುಷ್ಯನ ಹೆಸರಾಗಿ ಉಳಿದಿಲ್ಲ. ಅದು ಒಂದು ಸಮುದಾಯಕ್ಕೆ ಅಂಟಿಸಿದ ಚೀಟಿ. ಆ ಚೀಟಿ ಅವನ ಕಣ್ಣಿಗೂ ಬಿದ್ದಿತ್ತು. ಆಟ ಅಲ್ಲಿಗೆ ನಿಲ್ಲಿಸಿ ಪೆಟ್ಟಿಗೆ ಮುಚ್ಚಬಹುದಿತ್ತು. ಹಾಗೆ ಮಾಡದೆ, ಈ ಅಬ್ದುಲ್ ಯಾರು, ಎಲ್ಲಿಂದ ಬಂದ ಎಂದು ಹುಡುಕಿ ನೋಡೋಣ ಎಂದು ನಾವು ತೀರ್ಮಾನಿಸಿದೆವು.

ಐದು ವರ್ಷದ 'ಮುಸಲ್ಮಾನ'

ಅಬ್ದುಲ್ ಅಲ್‌ಹಜ್ರೆಡ್ ಎಂಬ ಅರಬ ಎಂದೂ ಇರಲಿಲ್ಲ. 'ನೆಕ್ರೊನಾಮಿಕಾನ್' ಎಂಬ ಪುಸ್ತಕವೂ ಇರಲಿಲ್ಲ. ಎರಡನ್ನೂ ಹುಟ್ಟಿಸಿದವನು ಅಮೆರಿಕದ ಕಥೆಗಾರ ಎಚ್.ಪಿ. ಲವ್‌ಕ್ರಾಫ್ಟ್. 1890ರಲ್ಲಿ ಪ್ರಾವಿಡೆನ್ಸ್ ಎಂಬ ಊರಿನಲ್ಲಿ ಹುಟ್ಟಿ, 1937ರಲ್ಲಿ ಅಲ್ಲೇ ಬಡತನದಲ್ಲಿ ತೀರಿಕೊಂಡ. ಬದುಕಿದ್ದಾಗ 'ವಿಯರ್ಡ್ ಟೇಲ್ಸ್'ನಂಥ ಅಗ್ಗದ ಪತ್ರಿಕೆಗಳ ಓದುಗರಿಗೆ ಮಾತ್ರ ಅವನ ಪರಿಚಯವಿತ್ತು. ಸತ್ತ ಮೇಲೆ ಭಯಾನಕ ಸಾಹಿತ್ಯದ ದೊಡ್ಡ ಹೆಸರಾದ.

ಇವನ ಬಾಲ್ಯದ ಒಂದು ಸಂಗತಿ ನಮ್ಮನ್ನು ಹಿಡಿದು ನಿಲ್ಲಿಸಿತು. ತನ್ನ ಧಾರ್ಮಿಕ ನಿಲುವುಗಳ ಬಗ್ಗೆ 1922ರಲ್ಲಿ ಬರೆದ ಲೇಖನದಲ್ಲಿ ಅವನೇ ಅದನ್ನು ಹೇಳಿಕೊಂಡಿದ್ದಾನೆ. ಸುಮಾರು ಐದು ವರ್ಷದವನಿದ್ದಾಗ ಅವನಿಗೆ 'ಅಲ್ಫ್ ಲೈಲಾ'ದ ಕಥೆಗಳು ಸಿಕ್ಕವು. ಹುಡುಗ ಮರುಳಾದ. ಪೂರ್ವದೇಶದ ಮಡಕೆ ಕುಡಿಕೆಗಳನ್ನು ಕೂಡಿಟ್ಟ. ತಾನು ನಿಷ್ಠಾವಂತ ಮುಸಲ್ಮಾನನೆಂದು ಮನೆಯವರ ಮುಂದೆ ಸಾರಿದ. ಆಟಕ್ಕೆಂದು ಒಂದು ಅರಬಿ ಹೆಸರೂ ಇಟ್ಟುಕೊಂಡ. ಆ ಹೆಸರೇ ಅಬ್ದುಲ್ ಅಲ್‌ಹಜ್ರೆಡ್!

ಅರಬಿ ಬಲ್ಲವರಿಗೆ ಈ ಹೆಸರು ಕೇಳಿದರೆ ನಗು ಬರುತ್ತದೆ. 'ಅಬ್ದುಲ್'ನಲ್ಲಿ ಒಂದು 'ಅಲ್' ಆಗಲೇ ಇದೆ. ಅದರ ಮುಂದೆ ಇನ್ನೊಂದು 'ಅಲ್' ನಿಲ್ಲಲಾರದು. ಆದರೆ ಐದು ವರ್ಷದ ಮಗುವಿನ ವ್ಯಾಕರಣವನ್ನು ಯಾರು ತಿದ್ದುತ್ತಾರೆ? ಆ ಮನೆಯಲ್ಲಿ ಆಗ ಬೇರೆ ಕತ್ತಲೆಯಿತ್ತು. ಹುಡುಗನಿಗೆ ಮೂರು ತುಂಬುವ ಮೊದಲೇ, 1893ರಲ್ಲಿ, ತಂದೆಯನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದರು. ಐದು ವರ್ಷಗಳ ನಂತರ ಅವರು ಅಲ್ಲಿಯೇ ತೀರಿಕೊಂಡರು. 1919ರಲ್ಲಿ ತಾಯಿಯೂ ಅದೇ ಆಸ್ಪತ್ರೆಗೆ ಹೋದರು. 1921ರಲ್ಲಿ ಅವರೂ ಮರಳಿ ಬರಲಿಲ್ಲ. ಹುಚ್ಚು ಎಂಬುದು ಲವ್‌ಕ್ರಾಫ್ಟನ ಕಥೆಗಳಲ್ಲಿ ಎಲ್ಲಿಂದಲೋ ಹಾರಿ ಬಂದ ವಸ್ತುವಲ್ಲ, ಅವನ ಮನೆಯ ಊಟದ ಮೇಜಿನ ಮೇಲಿದ್ದದ್ದು.

ಬೆಳೆದು ದೊಡ್ಡವನಾದ ಲವ್‌ಕ್ರಾಫ್ಟ್ ಬಾಲ್ಯದ ಆ ಹೆಸರನ್ನು 1921ರ ಒಂದು ಕಥೆಯಲ್ಲಿ ತಂದ. ಮರು ವರ್ಷ ಬರೆದ ಇನ್ನೊಂದು ಕಥೆಯಲ್ಲಿ ಆ ಅರಬನ ಕೈಗೆ 'ನೆಕ್ರೊನಾಮಿಕಾನ್' ಕೊಟ್ಟ. 1927ರಲ್ಲಿ ಆ ಪುಸ್ತಕಕ್ಕೆ ಒಂದು ಸುಳ್ಳು ಚರಿತ್ರೆಯನ್ನೇ ಬರೆದ. ಅದರ ಪ್ರಕಾರ ಅಲ್‌ಹಜ್ರೆಡ್ ಯಮನ್‌ನ ಸನಾ ಪಟ್ಟಣದ ಕವಿ, ಉಮಯ್ಯಾ ಖಲೀಫರ ಕಾಲದವನು. ಬಾಬಿಲೋನಿನ ಅವಶೇಷಗಳನ್ನು ಕಂಡ, ದಕ್ಷಿಣದ ಮರುಭೂಮಿಯಲ್ಲಿ ಹತ್ತು ವರ್ಷ ಒಬ್ಬನೇ ಇದ್ದ, ದಮಾಸ್ಕಸ್‌ನಲ್ಲಿ ತನ್ನ ಪುಸ್ತಕ ಬರೆದ. 738ರಲ್ಲಿ ಹಾಡಹಗಲೇ ಎಲ್ಲರೂ ನೋಡುತ್ತಿರುವಾಗ ಕಣ್ಣಿಗೆ ಕಾಣದ ಯಾವುದೋ ಪ್ರಾಣಿ ಅವನನ್ನು ತಿಂದು ಹಾಕಿತು. ಇದಕ್ಕೆ ಸಾಕ್ಷಿಯಾಗಿ ಹೆಸರಿಸಿದ್ದು ಇಬ್ನ್ ಖಲ್ಲಿಕಾನ್‌ನನ್ನು. ಇಬ್ನ್ ಖಲ್ಲಿಕಾನ್ ನಿಜವಾಗಿ ಇದ್ದವನು, ಗಣ್ಯರ ಜೀವನ ಚರಿತ್ರೆಗಳ ದೊಡ್ಡ ಕೋಶವನ್ನೇ ರಚಿಸಿದವನು. ಲವ್‌ಕ್ರಾಫ್ಟ್ ಅವನನ್ನು 12ನೆಯ ಶತಮಾನಕ್ಕೆ ಸೇರಿಸಿದ. ಆದರೆ ಆತ ಹುಟ್ಟಿದ್ದು 1211ರಲ್ಲಿ, ತೀರಿಕೊಂಡದ್ದು 1282ರಲ್ಲಿ.

ನಿಜದ ನಡುವೆ ಸುಳ್ಳನ್ನು ಹೊಲಿಯುವ ಈ ಕೈಚಳಕ ಎಷ್ಟು ಯಶಸ್ವಿಯಾಯಿತೆಂದರೆ, ಇಲ್ಲದ ಪುಸ್ತಕವನ್ನು ಕೇಳಿಕೊಂಡು ಜನ ಲೈಬ್ರೇರಿಗಳಿಗೆ ಹೋದರು. 1977ರಲ್ಲಿ ಯಾರೋ ಅದೇ ಹೆಸರಿನ ಪುಸ್ತಕವೊಂದನ್ನು ಅಚ್ಚು ಹಾಕಿಸಿ ಮಾರಿಯೂಬಿಟ್ಟರು. ನಿಜವಾದ ಚರಿತ್ರೆಯಲ್ಲಿ ಗ್ರೀಕರ ಜ್ಞಾನವನ್ನು ಅರಬಿಗೆ ತಂದು ಉಳಿಸಿಕೊಟ್ಟವರು ಬಗ್ದಾದಿನ ಅನುವಾದಕರು. ಲವ್‌ಕ್ರಾಫ್ಟನ ಚರಿತ್ರೆಯಲ್ಲಿ ಅರಬಿಯಿಂದ ಗ್ರೀಕಿಗೆ ಹೋದದ್ದು ಹುಚ್ಚು ಮಾತ್ರ.

ಮರುಭೂಮಿಯ ಸದ್ದು

ಆ ಪುಸ್ತಕದ ಮೂಲ ಅರಬಿ ಹೆಸರು 'ಅಲ್ ಅಝೀಫ್' ಎಂದು ಲವ್‌ಕ್ರಾಫ್ಟ್ ಬರೆದ. ರಾತ್ರಿ ಹುಳುಗಳು ಮಾಡುವ, ಜನ ಪಿಶಾಚಿಗಳ ಕೂಗೆಂದು ತಿಳಿಯುವ ಸದ್ದು ಎಂಬ ಅರ್ಥವನ್ನೂ ಕೊಟ್ಟ. ಇದನ್ನು ಅವನು ಎತ್ತಿಕೊಂಡದ್ದು ವಿಲಿಯಂ ಬೆಕ್‌ಫರ್ಡ್ ಎಂಬ ಇಂಗ್ಲಿಷ್ ಸಾಹುಕಾರನ 'ವಾತೆಕ್' ಕಾದಂಬರಿಗೆ 1786ರಲ್ಲಿ ಸ್ಯಾಮ್ಯುಯೆಲ್ ಹೆನ್ಲಿ ಬರೆದ ಟಿಪ್ಪಣಿಯಿಂದ. 'ಅಝೀಫ್' ಮಾತ್ರ ಸುಳ್ಳು ಪದವಲ್ಲ. ಮರುಭೂಮಿಯಲ್ಲಿ ರಾತ್ರಿ ಕೇಳಿಸುವ ಗುಂಯ್‌ಗುಡುವಿಕೆಯನ್ನು ಅರಬರು 'ಅಝೀಫುಲ್ ಜಿನ್ನ್' ಎನ್ನುತ್ತಿದ್ದರು. ಮರಳಿನ ದಿಬ್ಬಗಳು ಜಾರುವಾಗ ಹಾಡಿದಂತೆ ಸದ್ದು ಹೊರಡುತ್ತದೆಂದು ಇಂದಿನ ಭೌತವಿಜ್ಞಾನವೂ ಹೇಳುತ್ತದೆ.

ಅದೇ ದಾರಿಯಲ್ಲಿ ಹೋದ ಇನ್ನೊಂದು ಪದ 'ಗೂಲ್'. ಆಟದ ಮೊದಲ ಕಥೆಯಲ್ಲಿ ನಮ್ಮ ಮೇಲೆರಗಿದ ಹೆಣಬಾಕ ರಾಕ್ಷಸರ ಹೆಸರು ಇದೇ. ಉರ್ದು ಶಾಲೆಯಲ್ಲಿ ಓದಿದವರಿಗೆ 'ಗೂಲ್-ಎ-ಬಯಾಬಾನಿ' ಹಳೆಯ ಪರಿಚಯ. ಆದರೆ ಅರಬರ ಗೂಲ್ ಗೋರಿ ಅಗೆಯುವವಳಲ್ಲ. ರೂಪ ಬದಲಿಸಿ ದಾರಿಹೋಕರ ದಾರಿ ತಪ್ಪಿಸುವ ಮರುಭೂಮಿಯ ಮಾಯಾವಿ. ಗೋರಿ ಅಗೆದು ಹೆಣ ತಿನ್ನುವ ಗುಣವನ್ನು ಅವಳಿಗೆ ಅಂಟಿಸಿದ್ದು 1704ರಿಂದ 1717ರವರೆಗೆ 'ಅಲ್ಫ್ ಲೈಲಾ'ವನ್ನು ಫ್ರೆಂಚಿಗೆ ತಂದ ಅಂತ್ವಾನ್ ಗಾಲನ್ ಎಂದು ಈ ವಿಷಯದಲ್ಲಿ ಕೆಲಸ ಮಾಡಿದ ಸಂಶೋಧಕರು ಹೇಳುತ್ತಾರೆ. ಪೂರ್ವದ ಭೂತ ಪಶ್ಚಿಮಕ್ಕೆ ಹೋಗಿ ಇನ್ನಷ್ಟು ಕೊಳಕಾಗಿ, ನಮ್ಮ ಚಾಪೆಗೆ ಮರಳಿ ಬಂದಿತ್ತು.

ಇವುಗಳ ಬಗ್ಗೆ ಅರಬರು ಏನು ಹೇಳುತ್ತಿದ್ದರು? ಗೂಲ್ ಎಂಬುದಿಲ್ಲ ಎಂಬ ಪ್ರವಾದಿ ವಚನವೊಂದು 'ಸಹೀಹ್ ಮುಸ್ಲಿಂ'ನಲ್ಲಿದೆ. ಇನ್ನು ಬಸ್ರಾದ ಮಹಾ ಗದ್ಯಕಾರ ಅಲ್ ಜಾಹಿಝ್ 9ನೆಯ ಶತಮಾನದಲ್ಲಿ ಬರೆದ 'ಕಿತಾಬುಲ್ ಹಯವಾನ್'ನಲ್ಲಿ ಈ ಭಯವನ್ನೇ ಬಿಡಿಸಿ ನೋಡುತ್ತಾನೆ. ಅವನೂ ಅವನ ಗುರು ಅನ್ನಝ್ಝಾಮನೂ ಹೇಳುವ ವಿಚಾರ ಸರಳವಾಗಿದೆ. ಮನುಷ್ಯ ಜನರಿಂದ ದೂರವಾಗಿ ಬಯಲಲ್ಲಿ ಬಹುಕಾಲ ಒಬ್ಬನೇ ಇದ್ದರೆ ಚಿಕ್ಕದು ಅವನಿಗೆ ದೊಡ್ಡದಾಗಿ ಕಾಣುತ್ತದೆ, ಇಲ್ಲದ್ದು ಕೇಳಿಸುತ್ತದೆ. ಅದನ್ನು ಅವನು ಪದ್ಯ ಮಾಡುತ್ತಾನೆ, ಪದ್ಯ ಕೇಳಿ ಬೆಳೆದ ಮಕ್ಕಳು ಕತ್ತಲಲ್ಲಿ ಅದನ್ನೇ ಕಾಣುತ್ತಾರೆ. ಮರುಭೂಮಿಯಲ್ಲಿ ಒಬ್ಬನೇ ಹತ್ತು ವರ್ಷ ಇದ್ದು ಹುಚ್ಚನಾದ ಅರಬನ ಕಥೆ ಕಟ್ಟಿದವನು ಅಮೆರಿಕದವನು. ಒಂಟಿತನ ಹೇಗೆ ಭೂತಗಳನ್ನು ಹುಟ್ಟಿಸುತ್ತದೆಂದು ಅದಕ್ಕೆ ಸಾವಿರ ವರ್ಷ ಮೊದಲೇ ವಿವರಿಸಿದವನು ಅರಬ.

ಪಕ್ಕದ ಕೋಣೆಯವನು

ಲವ್‌ಕ್ರಾಫ್ಟ್ ಜೀವನದಲ್ಲಿ ನಿಜವಾದ ಅರಬನನ್ನು ಕಂಡದ್ದುಂಟೆ? ಉಂಟು. 1924ರಲ್ಲಿ ಅವನು ಸೋನಿಯಾ ಗ್ರೀನ್ ಎಂಬ ಯಹೂದಿ ಮಹಿಳೆಯನ್ನು ಮದುವೆಯಾಗಿ ನ್ಯೂಯಾರ್ಕಿಗೆ ಹೋದ. ಆಕೆ ಉಕ್ರೇನಿನಲ್ಲಿ ಹುಟ್ಟಿ ವಲಸೆ ಬಂದವಳು. ಸಂಪಾದನೆಯಿಲ್ಲ, ಕೆಲಸ ಸಿಗುವುದಿಲ್ಲ. ಹೆಂಡತಿ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದಾಗ, 1925ರಲ್ಲಿ, ಬ್ರೂಕ್ಲಿನ್‌ನ ಕ್ಲಿಂಟನ್ ಬೀದಿಯ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಉಳಿದ. ಅಲ್ಲಿ ಕಳ್ಳರು ಅವನ ಬಟ್ಟೆಗಳನ್ನೂ ಹೊತ್ತೊಯ್ದರು. ಆ ಮನೆಯಲ್ಲಿ ಅವನ ಪಕ್ಕದ ಕೋಣೆಯಲ್ಲಿ ಸಿರಿಯಾದವನೊಬ್ಬ ಕೆಲಕಾಲ ಇದ್ದ, ತನ್ನ ನಾಡಿನ ಊದುವ ವಾದ್ಯ ನುಡಿಸುತ್ತಿದ್ದ. ಆ ಸದ್ದು ಕೇಳಿ ತನಗೆ ಬಗ್ದಾದಿನ ನೆಲಮಾಳಿಗೆಗಳ ಭಯಂಕರ ಕನಸು ಬೀಳುತ್ತಿತ್ತೆಂದು ಲವ್‌ಕ್ರಾಫ್ಟ್ ಮುಂದೆ ಗೆಳೆಯನಿಗೆ ಪತ್ರ ಬರೆದ.

ನಾವು ಆ ಸಿರಿಯಾದವನ ಬಗ್ಗೆ ಯೋಚಿಸಿದೆವು. ದುಡಿದು ಬಂದು, ಬಾಗಿಲು ಹಾಕಿಕೊಂಡು, ಊರಿನ ನೆನಪಿಗೆ ನಾಲ್ಕು ಸ್ವರ ಊದುತ್ತಿದ್ದಾನೆ. ಗೋಡೆಯಾಚೆ ಒಬ್ಬ ಕಥೆಗಾರ ಕಿವಿಗೊಟ್ಟು ಕುಳಿತಿದ್ದಾನೆ. ಎದ್ದು ಹೋಗಿ ಬಾಗಿಲು ತಟ್ಟುವ ಬದಲು ಅವನು ನೆಲಮಾಳಿಗೆಯ ಕನಸು ಕಾಣುತ್ತಾನೆ. ಅದೇ 1925ರ ಆಗಸ್ಟಿನಲ್ಲಿ 'ದಿ ಹಾರರ್ ಅಟ್ ರೆಡ್ ಹುಕ್' ಎಂಬ ಕಥೆ ಬರೆದ. ಬ್ರೂಕ್ಲಿನ್‌ನ ವಲಸಿಗರ ಕೇರಿಯೇ ಅಲ್ಲಿ ನರಕ, ವಲಸಿಗರೇ ಪಿಶಾಚಿಗಳ ಪೂಜಾರಿಗಳು.

ಕಥೆಗಾರ ಒಬ್ಬನನ್ನೇ ದೂಷಿಸಿ ಪ್ರಯೋಜನವಿಲ್ಲ. 1917ರಲ್ಲೇ ಅಮೆರಿಕ ಏಷ್ಯಾದ ಹೆಚ್ಚಿನ ದೇಶಗಳ ಜನರಿಗೆ ಬಾಗಿಲು ಹಾಕಿತ್ತು. 1924ರ ವಲಸೆ ಕಾಯಿದೆ ದಕ್ಷಿಣ ಮತ್ತು ಪೂರ್ವ ಯುರೋಪಿನವರಿಗೂ ಬಾಗಿಲನ್ನು ಕಿರಿದು ಮಾಡಿತು. ಲವ್‌ಕ್ರಾಫ್ಟ್ ತನ್ನ ಕಾಲದ ಕಾಯಿದೆಗೆ ಭೂತದ ವೇಷ ಹಾಕಿದ. ಕೊನೆಯ ವರ್ಷಗಳಲ್ಲಿ ಆರ್ಥಿಕ ವಿಚಾರಗಳಲ್ಲಿ ಉದಾರಿಯಾದರೂ ಜನಾಂಗದ್ವೇಷವನ್ನು ಪೂರ್ತಿ ಕಳಚಲಿಲ್ಲ.

ಅದೇ ನಗರದಲ್ಲಿ, ಅದೇ ವರ್ಷಗಳಲ್ಲಿ ಬೇರೆ ಅರಬರೂ ಇದ್ದರು. 1920ರಲ್ಲಿ ಖಲೀಲ್ ಗಿಬ್ರಾನ್, ಮಿಖಾಯಿಲ್ ನುಐಮಾ ಮುಂತಾದವರು ಅಲ್ಲಿ 'ಅರ್ರಾಬಿತಾ ಅಲ್ ಕಲಮಿಯ್ಯಾ' ಎಂಬ ಲೇಖಕರ ಬಳಗ ಕಟ್ಟಿಕೊಂಡು ಅರಬಿ ಸಾಹಿತ್ಯದ ದಿಕ್ಕನ್ನೇ ಬದಲಿಸಿದರು. ಗಿಬ್ರಾನನ 'ದಿ ಪ್ರಾಫೆಟ್' 1923ರಲ್ಲಿ ಬಂತು. ಕನ್ನಡದ ಓದುಗರಿಗೆ ಅವನು ಹೊಸಬನಲ್ಲ. ಅವನು ಇಂಗ್ಲಿಷಿನಲ್ಲಿ ಬರೆದ ಮೊದಲ ಪುಸ್ತಕ 1918ರದು. ಅದರ ಹೆಸರು 'ದಿ ಮ್ಯಾಡ್‌ಮನ್', ಅಂದರೆ ಹುಚ್ಚ. ನ್ಯೂಯಾರ್ಕಿನಲ್ಲಿ ನಿಜವಾಗಿಯೂ ಒಬ್ಬ ಅರಬ ಹುಚ್ಚನ ಬಾಯಲ್ಲಿ ವಿವೇಕ ಹೇಳಿಸುತ್ತಿದ್ದ. ಅವನು ಮರೋನೈಟ್ ಕ್ರೈಸ್ತ. ಆ ಕಾಲದ ಸಿರಿಯನ್ ವಲಸಿಗರಲ್ಲಿ ಹೆಚ್ಚಿನವರು ಕ್ರೈಸ್ತರೇ. ಅರಬನೆಂದರೆ ಮುಸಲ್ಮಾನ, ಮುಸಲ್ಮಾನನೆಂದರೆ ಅರಬ ಎನ್ನುವುದೂ ಪಕ್ಕದ ಬಾಗಿಲು ತಟ್ಟದವರ ತಿಳಿವಳಿಕೆಯೇ.

ನಮ್ಮ ಪಾಲಿನ ಲೆಕ್ಕ

ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ನಮಗೆ ಸುಖವಾಗಿರುತ್ತಿತ್ತು. ಅವರು ನಮ್ಮನ್ನು ಹೇಗೆ ಕಂಡರು ನೋಡಿ ಎಂದು ದೂರಿ ಏಳಬಹುದಿತ್ತು. ಆದರೆ 'ರೆಡ್ ಹುಕ್' ಕಥೆಯಲ್ಲಿ ಲವ್‌ಕ್ರಾಫ್ಟ್ ಸೈತಾನನ ಆರಾಧಕರೆಂದು ತೋರಿಸಿದ್ದು ಕುರ್ದಿಸ್ತಾನದ ಯಜೀದಿಗಳನ್ನು. ಈ ಅಪವಾದವನ್ನು ಅವನು ಹುಟ್ಟಿಸಲಿಲ್ಲ. ಶತಮಾನಗಳಿಂದ ಅದನ್ನು ಹೊತ್ತು ತಿರುಗಿದವರಲ್ಲಿ ಯಜೀದಿಗಳ ನೆರೆಯ ಮುಸಲ್ಮಾನರೂ ಇದ್ದರು. ಯಜೀದಿಗಳು ಗೌರವಿಸುವ ನವಿಲು ಮಲಕ್ 'ತಾವೂಸಿ ಮೆಲೆಕ್'ನನ್ನು ಇಬ್ಲೀಸನೆಂದು ಕರೆದು, ಆ ಹೆಸರಿನಲ್ಲಿ ಅವರ ಮೇಲೆ ಮತ್ತೆ ಮತ್ತೆ ದಂಡೆತ್ತಿ ಹೋದದ್ದು ಚರಿತ್ರೆಯಲ್ಲಿದೆ.

2014ರ ಆಗಸ್ಟಿನಲ್ಲಿ ಐಸಿಸ್ ಪಡೆ ಇರಾಕಿನ ಸಿಂಜಾರ್‌ಗೆ ನುಗ್ಗಿತು. ಸಾವಿರಾರು ಯಜೀದಿಗಳನ್ನು ಕೊಂದರು, ಸಾವಿರಾರು ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಮಾರಿದರು. 2016ರಲ್ಲಿ ವಿಶ್ವಸಂಸ್ಥೆಯ ತನಿಖಾ ಆಯೋಗ ಇದನ್ನು ಜನಾಂಗಹತ್ಯೆ ಎಂದಿತು. ಆ ನರಕದಿಂದ ಪಾರಾಗಿ ಬಂದ ನಾದಿಯಾ ಮುರಾದ್‌ಗೆ 2018ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 2014ರ ಸೆಪ್ಟೆಂಬರಿನಲ್ಲೇ ನೂರಕ್ಕೂ ಹೆಚ್ಚು ಮುಸ್ಲಿಂ ವಿದ್ವಾಂಸರು ಐಸಿಸ್ ನಾಯಕನಿಗೆ ಬಹಿರಂಗ ಪತ್ರ ಬರೆದು ಇದು ಇಸ್ಲಾಮ್ ಅಲ್ಲ ಎಂದದ್ದೂ ನಿಜ. ಆದರೆ ಆ ಪತ್ರ ಸಿಂಜಾರ್‌ನಲ್ಲಿ ಸತ್ತವರನ್ನು ತಲುಪುವಂತಿರಲಿಲ್ಲ. ಬ್ರೂಕ್ಲಿನ್‌ನ ಕಥೆಗಾರನ ಕೈಯಲ್ಲಿ ಕೇವಲ ಶಾಯಿಯಾಗಿದ್ದ ಸುಳ್ಳು ಸಿಂಜಾರ್‌ನಲ್ಲಿ ಕೋವಿಯಾಯಿತು. ಹಿಡಿದವರ ಬಾಯಲ್ಲಿ ನಮ್ಮ ಕಲಿಮಾ ಇತ್ತು.

ಇದನ್ನು ಮಕ್ಕಳಿಗೆ ಹೇಳುವಾಗ ನಮ್ಮ ಮಗಳು ಕೇಳಿದಳು: "ಹಾಗಾದ್ರೆ ಅವರ ಕಥೇಲಿ ಹುಚ್ಚ ಅರಬ ಇರೋ ಹಾಗೆ, ನಮ್ಮ ಕಥೇಲೂ ಯಾರೋ ಇದ್ದಾರೆ ಅಂತಾಯ್ತು ಅಲ್ವಾ, ಅಬ್ಬಾ?" ಹೌದೆಂದು ಹೇಳುವುದು ಬಿಟ್ಟು ನಮಗೆ ಬೇರೆ ದಾರಿಯಿರಲಿಲ್ಲ.

ಮೂರನೆಯ ರಾತ್ರಿ

ಲವ್‌ಕ್ರಾಫ್ಟನ ನಾಡಿನವರೂ ಈಗ ಸುಮ್ಮನಿಲ್ಲ. ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯಲ್ಲಿ ಕೊಡುತ್ತಿದ್ದುದು ಅವನ ಮುಖದ ಪ್ರತಿಮೆ. 2014ರಲ್ಲಿ ಆ ಪ್ರಶಸ್ತಿ ಪಡೆದ ಸೋಫಿಯಾ ಸಮತಾರ್ ಒಬ್ಬ ಸೋಮಾಲಿ ತಂದೆಯ ಮಗಳು. ಆ ಮುಖ ತನಗೆ ಮುಜುಗರ ತರುತ್ತದೆಂದು ವೇದಿಕೆಯಲ್ಲೇ ಹೇಳಿದರು. 2015ರ ನಂತರ ಆ ಪ್ರತಿಮೆ ಹೋಯಿತು. 2016ರಲ್ಲಿ ಕಪ್ಪು ಲೇಖಕ ವಿಕ್ಟರ್ ಲವಾಲ್ 'ರೆಡ್ ಹುಕ್' ಕಥೆಯನ್ನು ಕಪ್ಪು ಮನುಷ್ಯನ ಕಣ್ಣಿನಿಂದ ಮತ್ತೆ ಬರೆದರು.

ನಮ್ಮ ಆಟದಲ್ಲೂ ಆ ತಿದ್ದುಪಡಿ ಕಂಡಿತು. ಎರಡನೆಯ ಕಥೆಯಲ್ಲಿ ಮಧ್ಯರಾತ್ರಿಯೊಳ‌ಗೆ ಆರು ಮಂದಿ ಪಿಶಾಚಿ ಪೂಜಕರನ್ನು ಪತ್ತೆ ಹಚ್ಚಬೇಕು. ಅವರಲ್ಲಿ ಒಬ್ಬ ಪ್ರೊಫೆಸರ್, ಒಬ್ಬ ಶವಸಂಸ್ಕಾರದ ವ್ಯಾಪಾರಿ, ಒಬ್ಬಳು ಹಳೆಯ ವಸ್ತುಗಳ ಸಂಗ್ರಾಹಕಿ. ಎಲ್ಲ ಊರಿನ ಮರ್ಯಾದಸ್ಥರು, ವಲಸಿಗರಲ್ಲ! 2022ರ ಮುಂದುವರಿದ ಸರಣಿಯಲ್ಲಿ ಭೂತಗಳ ವಿರುದ್ಧ ನಿಲ್ಲುವವರ ಸಾಲಿನಲ್ಲಿ ಅಮೀನಾ ಝಿದಾನ್ ಎಂಬ ಅರಬಿ ಹೆಸರಿನ ಟೆಲಿಫೋನ್ ಆಪರೇಟರ್ ಇದ್ದಾಳೆ. ಈ ಸುದ್ದಿ ಕೇಳಿ ಮಗನ ಮುಖ ಅರಳಿತು.

ನಾವು ಆರರಲ್ಲಿ ನಾಲ್ವರನ್ನು ಹಿಡಿದೆವು. ತಪ್ಪಿಸಿಕೊಂಡ ಇಬ್ಬರ ಲೆಕ್ಕಕ್ಕೆ ಮೂರನೆಯ ಕಥೆ ಆರಂಭವಾಗುವ ಮೊದಲೇ ಒಂದು ವಿನಾಶದ ಬಿಲ್ಲೆ ಕೂತಿತು. ಮೊದಲ ಕಥೆಯ ಕೊನೆಯಲ್ಲಿ ನಮ್ಮದೇ ಮನೆಗೆ ಬೆಂಕಿ ಹಚ್ಚಿದ್ದೆವು. ಆಗ ಜೊತೆ ಸೇರಿದವಳು ಲೀಟಾ ಚಾಂಟ್ಲರ್ ಎಂಬ ಹೆಂಗಸು. ಮೂರು ರಾತ್ರಿಯೂ ನಮ್ಮ ಪಕ್ಕದಲ್ಲಿ ನಿಂತು ಹೋರಾಡಿದವಳು.

ಕೊನೆಗೆ ಕಾಡಿನ ನಡುವೆ ಎಲ್ಲವನ್ನೂ ನುಂಗುವ ಒಂದು ಪ್ರಾಚೀನ ರಾಕ್ಷಸ ಏಳುತ್ತಾನೆ. ಸೋಲಿಸುವುದು ಬಹಳ ಕಷ್ಟ. ಆದರೆ ಎಲೆಯ ಮೇಲೆ ಇನ್ನೊಂದು ಉಪಾಯವನ್ನು ಅಚ್ಚು ಹಾಕಿದ್ದಾರೆ: ಲೀಟಾಳನ್ನು ಅವನ ಬಾಯಿಗೆ ಎಸೆದರೆ ಅವನು ತೃಪ್ತನಾಗುತ್ತಾನೆ, ಉಳಿದವರು ಬದುಕುತ್ತಾರೆ.

ರಾತ್ರಿ ಹನ್ನೊಂದಾಗಿತ್ತು. ನಮ್ಮ ಡೈಸಿಯ ಮನೋಬಲ ಒಂಬತ್ತರಿಂದ ಎರಡಕ್ಕೆ ಇಳಿದಿತ್ತು. "ಎಸೆದುಬಿಡೋಣ ಮಾಮು, ಇದು ಬರೀ ಕಾಗದ" ಎಂದ ಅಕ್ಕನ ಮಗ. ಲೆಕ್ಕದಲ್ಲಿ ಅವನ ಮಾತು ಸರಿಯಾಗಿತ್ತು. ನಾವೂ ಹೂಂ ಎನ್ನುವುದರಲ್ಲಿದ್ದೆವು. ಲೀಟಾಳ ಎಲೆ ಇದ್ದದ್ದು ಮಗನ ಮುಂದೆ. ಅವನು ಅದರ ಮೇಲೆ ಅಂಗೈ ಇಟ್ಟ. "ಕಾಗದಾನೇ. ಅಬ್ದುಲ್ಲೂ ಕಾಗದಾನೇ ಆಗಿದ್ದ" ಎಂದ.

ಯಾರೂ ಮಾತಾಡಲಿಲ್ಲ. ಮಗಳು ಚೀಲವನ್ನು ಎತ್ತಿ ಅವನ ಮುಂದೆ ಹಿಡಿದಳು. ಅವನು ಬಿಸ್ಮಿಲ್ಲಾ ಹೇಳಿ ಕೈ ಹಾಕಿದ. ಬಂದದ್ದು ಯಾವ ಬಲಕ್ಕೂ ಬಗ್ಗದ ಆ ಸೋಲಿನ ಬಿಲ್ಲೆ. ಮತ್ತೆರಡು ಸುತ್ತಿನಲ್ಲಿ ರಾಕ್ಷಸ ಡೈಸಿಯನ್ನೂ, ಲೀಟಾಳನ್ನೂ, ಉಳಿದವರನ್ನೂ ಆರ್ಕಮ್ ಸಮೇತ ನುಂಗಿದ.

ಮಂಚದ ಮೇಲೆ ನಿದ್ದೆ ಹೋಗಿದ್ದಾರೆಂದು ನಾವು ತಿಳಿದಿದ್ದ ಅಮ್ಮಿ ಕೇಳಿದರು: "ಗೆದ್ರಾ?"

"ಸೋತ್ವಿ ದಾದಿ" ಎಂದ ಮಗ.

"ಎಲ್ಲರೂ?"

"ಎಲ್ಲರೂ."

"ಸರಿ, ಎಲೆ ಎತ್ತಿಡಿ. ಫಜ್ರ್‌ಗೆ ಏಳೋದಿದೆ" ಎಂದು ಅಮ್ಮಿ ಆ ಕಡೆ ಮಗ್ಗುಲಾದರು. ನಾವು ಎಲೆಗಳನ್ನು ಜೋಡಿಸಿದೆವು. ಹಾಳೆಯ ಮೇಲೆ ಸೋಲನ್ನು ಬರೆಯುವ ಕೆಲಸ ಮಗನದು. ಬರೆದ ಮೇಲೆ ಅದರ ಕೆಳಗೆ, ಆಟದ ಯಾವ ನಿಯಮವೂ ಕೇಳದ ಒಂದು ಸಾಲನ್ನು ಅವನು ಸೇರಿಸಿದ: ಲೀಟಾಳನ್ನು ಕೊಡಲಿಲ್ಲ.